ಡಬ್ ಆಗದೆ ಉಳಿದ ದನಿ

1996ರಲ್ಲಿ ಫಿಲಿಪ್ಪೀನ್ಸ್‌ನ ಆರ್‌ಪಿಎನ್ ವಾಹಿನಿ ‘ಮರಿಮಾರ್’ ಎಂಬ ಮೆಕ್ಸಿಕೊದ ಧಾರಾವಾಹಿಯನ್ನು ಟಗಾಲೊಗ್ ಭಾಷೆಗೆ ಡಬ್ ಮಾಡಿ ತೋರಿಸತೊಡಗಿತು. ಕಡಲ ತೀರದ ಗುಡಿಸಲಲ್ಲಿ ಅಜ್ಜ ಅಜ್ಜಿಯ ಜೊತೆ ಬೆಳೆದ, ಓದು ಬರಹ ತಿಳಿಯದ ಹುಡುಗಿ ಮರಿಮಾರ್. ಅವಳು ಅತ್ತರೂ ನಕ್ಕರೂ ಬೈದರೂ ಮನೆಮನೆಯಲ್ಲಿ ಕೇಳಿಸುತ್ತಿದ್ದದ್ದು ಕಂಠದಾನ ಕಲಾವಿದೆಯ ದನಿ. ಆ ಪಾತ್ರ ಮಾಡಿದ ಥಾಲಿಯಾ ಅವರ ಮುಖ, ಕಣ್ಣು, ಕೈಸನ್ನೆ, ಓಟ ಎಲ್ಲವೂ ಅಲ್ಲಿಗೆ ತಲುಪಿದ್ದವು. ಕಂಠ ಮಾತ್ರ ದಾರಿಯಲ್ಲೇ ಕಳಚಿ ಬಿದ್ದಿತ್ತು. ಆದರೆ ಕಂತಿನ ಮೊದಲು ಬರುವ ಶೀರ್ಷಿಕೆ ಗೀತೆಯನ್ನು ಯಾರೂ ಮುಟ್ಟಲಿಲ್ಲ. ಅದು ಸ್ಪ್ಯಾನಿಷ್‌ನಲ್ಲೇ, ಥಾಲಿಯಾ ಅವರ ಸ್ವಂತ ಗಂಟಲಲ್ಲೇ ಕೇಳಿಬರುತ್ತಿತ್ತು. ನಟನೆಯಿಂದ ಬಂದ ಹೆಸರಿನ ಬೆನ್ನೇರಿ ಹಾಡುಗಾರಿಕೆ ಊರೂರು ಸುತ್ತಿತು ಎಂಬುದು ಇವರ ಬಗ್ಗೆ ರೂಢಿಯಲ್ಲಿರುವ ತೀರ್ಪು. ನನಗೆ ಕಾಣುವುದು ಬೇರೆ. ಧಾರಾವಾಹಿ ಗಡಿ ದಾಟಿದಾಗಲೆಲ್ಲ ನಟಿ ತನ್ನ ಅರ್ಧವನ್ನು ಕಳೆದುಕೊಳ್ಳುತ್ತಿದ್ದಳು. ಕಳೆದ ಆ ಅರ್ಧವನ್ನು ಕಾಪಿಟ್ಟದ್ದು ಹಾಡು. ಧಾರಾವಾಹಿಗಳ ಕಾಲ ಮುಗಿದ ಮೇಲೂ ಥಾಲಿಯಾ ಉಳಿದದ್ದು ಹಾಗೆ ಉಳಿಸಿಕೊಂಡ ದನಿಯ ಬಲದಿಂದ.

ಈ ಕತೆಗಳ ಬೇರು ಹುಡುಕುತ್ತ ಹೋದರೆ ಸಿಗುವುದೂ ದನಿಯೇ. ಕ್ಯೂಬಾದ ಚುಟ್ಟಾ ಕಾರ್ಖಾನೆಗಳಲ್ಲಿ 1865ರಿಂದ ಒಂದು ಪದ್ಧತಿ ಬೆಳೆಯಿತು. ಸಾಲಾಗಿ ಕೂತು ಹೊಗೆಸೊಪ್ಪು ಸುತ್ತುವ ಕಾರ್ಮಿಕರಿಗೆ ಎತ್ತರದ ಪೀಠದಲ್ಲಿ ಕೂತ ಒಬ್ಬ ಓದುಗ ಪತ್ರಿಕೆಯನ್ನೂ ಕಾದಂಬರಿಯನ್ನೂ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಕೈ ಕೆಲಸದಲ್ಲಿ, ಕಿವಿ ಕತೆಯಲ್ಲಿ. ಕತೆಯನ್ನು ಕಂತು ಕಂತಾಗಿ ಕೇಳುವ ಈ ಅಭ್ಯಾಸಕ್ಕೆ ಮುಂದೆ ರೇಡಿಯೊ ಸಿಕ್ಕಿತು. 1948ರಲ್ಲಿ ಹವಾನಾದ ಸಿಎಂಕ್ಯೂ ಕೇಂದ್ರದಿಂದ ಪ್ರಸಾರವಾದ ಫೆಲಿಕ್ಸ್ ಕೈಗ್ನೆಟ್ ಅವರ ‘ಎಲ್ ದೆರೆಚೊ ದೆ ನಾಸೆರ್’ ಎಂಬ ಬಾನುಲಿ ಧಾರಾವಾಹಿ ಇಡೀ ಲ್ಯಾಟಿನ್ ಅಮೆರಿಕಕ್ಕೆ ಮಾದರಿಯಾಯಿತು. ಅದೇ ಹವಾನಾದ ಇನೆಸ್ ರೊದೆನಾ ಎಂಬ ಲೇಖಕಿ ರೇಡಿಯೊಗಾಗಿ ಬರೆದ ಕತೆಗಳೇ ಮುಂದೆ ಮೆಕ್ಸಿಕೊದ ಟೆಲಿವಿಷನ್ನಿಗೆ ದಶಕಗಳ ಕಾಲ ಅನ್ನ ಹಾಕಿದವು. ಬಡ ಹುಡುಗಿ, ಸಿರಿವಂತರ ಮನೆ, ಅವಮಾನ, ಕೈಬಿಟ್ಟ ಮಗು, ಬಹಳ ವರ್ಷಗಳ ಮೇಲೆ ಬಯಲಾಗುವ ಹುಟ್ಟಿನ ಗುಟ್ಟು: ಇವೆಲ್ಲ ಮೊದಲು ಹುಟ್ಟಿದ್ದು ಕೇಳುವವರಿಗಾಗಿ, ಕತ್ತಲೆಯಲ್ಲಿ ಕಣ್ಣು ಮುಚ್ಚಿ ಕೂತರೂ ಪಾತ್ರ ಯಾವುದೆಂದು ದನಿಯಿಂದಲೇ ಗುರುತಾಗಬೇಕು ಎಂಬ ಲೆಕ್ಕದಲ್ಲಿ. ಟೆಲಿವಿಷನ್ ಆ ದನಿಗೆ ಮುಖ ಕೊಟ್ಟಿತು. ಡಬ್ಬಿಂಗ್ ಮುಖವನ್ನು ಉಳಿಸಿ ದನಿಯನ್ನು ಕಿತ್ತುಕೊಂಡಿತು.

ರೊದೆನಾ ಅವರ ಕತೆಗಳನ್ನು ಟೆಲಿವಿಸಾ ಸಂಸ್ಥೆಯ ಪರದೆಗೆ ತಂದವರಲ್ಲಿ ಮುಖ್ಯರು ವಾಲೆಂತಿನ್ ಪಿಮ್‌ಸ್ಟೈನ್. ಹುಟ್ಟಿದ್ದು ಚಿಲಿಯಲ್ಲಿ, ಬದುಕು ಕಟ್ಟಿದ್ದು ಮೆಕ್ಸಿಕೊದಲ್ಲಿ. 1979ರಲ್ಲಿ ಇವರು ನಿರ್ಮಿಸಿದ ‘ಲೊಸ್ ರಿಕೊಸ್ ತಂಬಿಯೆನ್ ಯೊರಾನ್’, ಅಂದರೆ ‘ಸಿರಿವಂತರೂ ಅಳುತ್ತಾರೆ’, ವೆರೊನಿಕಾ ಕಾಸ್ಟ್ರೊ ಅವರನ್ನು ಮನೆಮಾತಾಗಿಸಿತು. ನಾಯಕಿಯೂ ಅವರೇ, ಶೀರ್ಷಿಕೆ ಗೀತೆಯನ್ನು ಹಾಡಿದವರೂ ಅವರೇ. ಈ ಧಾರಾವಾಹಿ 1991ರ ನವೆಂಬರ್‌ನಲ್ಲಿ ಮಾಸ್ಕೊದ ಟೆಲಿವಿಷನ್ನಿನಲ್ಲಿ ಶುರುವಾದಾಗ ಅಲ್ಲಿ ಇನ್ನೂ ಸೋವಿಯತ್ ಒಕ್ಕೂಟವಿತ್ತು. ಮುಗಿಯುವ ಹೊತ್ತಿಗೆ ಆ ದೇಶವೇ ಇರಲಿಲ್ಲ. ಅಂಗಡಿಗಳು ಬರಿದಾಗಿ, ಕೂಡಿಟ್ಟ ಹಣಕ್ಕೆ ಬೆಲೆಯಿಲ್ಲದಾಗಿದ್ದ ಆ ಚಳಿಗಾಲದಲ್ಲಿ ರಷ್ಯದ ಜನ ಆ ಧಾರಾವಾಹಿಯ ನಾಯಕಿ ಮರಿಯಾನಾಳ ಕಷ್ಟಕ್ಕೆ ಕಣ್ಣೀರಿಟ್ಟರು. 1992ರಲ್ಲಿ ಕಾಸ್ಟ್ರೊ ಮಾಸ್ಕೊಗೆ ಹೋದಾಗ ಜನ ಮುಗಿಬಿದ್ದರು. ನಟಿಯೇ ಹಾಡಬೇಕು ಎಂಬ ದಾರಿ ಹೀಗೆ ಥಾಲಿಯಾ ಬರುವ ಮೊದಲೇ ತೆರೆದಿತ್ತು. ಆ ದಾರಿಯನ್ನು ಥಾಲಿಯಾ ಕಂಡುಹಿಡಿಯಲಿಲ್ಲ, ಆದರೆ ಅವರಷ್ಟು ದೂರ ಅದರಲ್ಲಿ ನಡೆದವರು ಇನ್ನೊಬ್ಬರಿಲ್ಲ.

ಪೂರ್ತಿ ಹೆಸರು ಅರಿಯಾದ್ನಾ ಥಾಲಿಯಾ ಸೊದಿ ಮಿರಾಂದಾ. ಹುಟ್ಟಿದ್ದು ಮೆಕ್ಸಿಕೊ ಸಿಟಿಯಲ್ಲಿ, 1971ರ ಆಗಸ್ಟ್ 26ರಂದು. ತಂದೆ ಎರ್ನೆಸ್ತೊ ಸೊದಿ ಪಯಾರೆಸ್ ವಿಜ್ಞಾನಿ, ಬರಹಗಾರ. ಮಗಳು ತೀರ ಚಿಕ್ಕವಳಿದ್ದಾಗಲೇ ತೀರಿಕೊಂಡರು. ತಾಯಿ ಯೊಲಾಂದಾ ಮಿರಾಂದಾ ಚಿತ್ರಕಲಾವಿದೆ. ಮಗಳ ವೃತ್ತಿಯ ಹೊಣೆಯನ್ನು ವರ್ಷಗಟ್ಟಲೆ ಹೊತ್ತವರು ಅವರೇ. ಈ ಬಾಲ್ಯದಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ಹಾಡು ನಟನೆಗಿಂತ ಮೊದಲು ಬಂದದ್ದು. ಮಕ್ಕಳ ಹಾಡಿನ ತಂಡದಲ್ಲಿ ಶುರು, ಬಳಿಕ ಸಂಗೀತ ನಾಟಕ, 1986ರಲ್ಲಿ ಆಗಿನ ಮೆಕ್ಸಿಕೊದ ಅತ್ಯಂತ ಜನಪ್ರಿಯ ಹರೆಯದವರ ತಂಡ ‘ತಿಂಬಿರಿಚೆ’ಯಲ್ಲಿ ಸಾಶಾ ಸೊಕೊಲ್ ಬಿಟ್ಟ ಜಾಗ. ಮರುವರ್ಷ ‘ಕಿನ್ಸೆಅನ್ಯೆರಾ’ ಧಾರಾವಾಹಿಯಲ್ಲಿ ಅದೆಲಾ ನೊರಿಯೆಗಾ ಅವರೊಂದಿಗೆ ಪಾತ್ರ. ಹದಿನೈದು ತುಂಬುವ ಹುಡುಗಿಯರ ಆ ಕತೆಯ ಶೀರ್ಷಿಕೆ ಗೀತೆಯನ್ನು ಹಾಡಿದ್ದು ತಿಂಬಿರಿಚೆ ತಂಡವೇ. 1989ರಲ್ಲಿ ತಂಡ ಬಿಟ್ಟು, 1990ರಲ್ಲಿ ತಮ್ಮದೇ ಹೆಸರಿನ ಮೊದಲ ಆಲ್ಬಂ ತಂದರು. ತಂಡದ ಮುದ್ದು ಹುಡುಗಿಯನ್ನು ಕಂಡಿದ್ದ ಮೆಕ್ಸಿಕೊದ ಪತ್ರಿಕೆಗಳಿಗೆ ಅದರ ದಿಟ್ಟತನ ಹಿಡಿಸಲಿಲ್ಲ, ಟೀಕೆಗಳು ಬಂದವು. ಎಂದರೆ, ಪಿಮ್‌ಸ್ಟೈನ್ 1992ರಲ್ಲಿ ‘ಮರಿಯಾ ಮೆರ್ಸೆದೆಸ್’ಗೆ ಕರೆದಾಗ ಥಾಲಿಯಾ ಹಾಡಲು ಬರುವ ನಟಿಯಾಗಿರಲಿಲ್ಲ; ಆಗಲೇ ತಮ್ಮದೇ ಆಲ್ಬಂಗಳನ್ನು ಹೊರತಂದು, ಹೊಗಳಿಕೆ ತೆಗಳಿಕೆ ಎರಡನ್ನೂ ಉಂಡ ಗಾಯಕಿಯಾಗಿದ್ದರು.

ಮುಂದಿನ ನಾಲ್ಕು ವರ್ಷಗಳಲ್ಲಿ ಮೂರು ಧಾರಾವಾಹಿ. 1992ರಲ್ಲಿ ಬೀದಿಯಲ್ಲಿ ಲಾಟರಿ ಟಿಕೆಟ್ ಮಾರುವ ಮರಿಯಾ ಮೆರ್ಸೆದೆಸ್. 1994ರಲ್ಲಿ ಕಡಲ ತೀರದ ಮರಿಮಾರ್. 1995ರಲ್ಲಿ ಕಸದ ರಾಶಿಯಲ್ಲಿ ಚಿಂದಿ ಆಯುವ ‘ಮರಿಯಾ ಲಾ ದೆಲ್ ಬಾರಿಯೊ’, ಅಂದರೆ ಕೇರಿಯ ಮರಿಯಾ. ವೆರೊನಿಕಾ ಕಾಸ್ಟ್ರೊ ಮಾಡಿದ್ದ ಅದೇ ಕತೆ ಮತ್ತೆ ಹೊಸದಾಗಿ. ಮೂರಕ್ಕೂ ಮೂಲ ರೊದೆನಾ ಅವರ ಕತೆಗಳು. ಮೂರೂ ಧಾರಾವಾಹಿಗಳಿಗೆ ನಾಯಕಿಯ ಹೆಸರೇ ಹೆಸರು. ಮೂರರ ಶೀರ್ಷಿಕೆ ಗೀತೆಯನ್ನೂ ಥಾಲಿಯಾ ಅವರೇ ಹಾಡಿದ್ದು, ಮೂರರಲ್ಲೂ ಹುಡುಗಿ ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳುತ್ತಾಳೆ. ಈ ಕೊನೆಯ ಮಾತು ಚಿಕ್ಕದೆನಿಸಬಹುದು, ನನ್ನ ವಾದ ನಿಂತಿರುವುದು ಅದರ ಮೇಲೆಯೇ. ಕಂತಿನೊಳಗೆ ಆ ಹುಡುಗಿಯ ಬಗ್ಗೆ ಮಾತಾಡುವವರು ಬೇರೆಯವರು: ಅತ್ತೆ, ಸವತಿ, ಯಜಮಾನಿ, ಪಾದ್ರಿ, ವಕೀಲ. ಅವಳು ಯಾರು, ಎಂಥವಳು, ಎಲ್ಲಿ ನಿಲ್ಲಬೇಕಾದವಳು ಎಂದು ಅವರು ತೀರ್ಮಾನಿಸುತ್ತಾರೆ. ಹಾಡಿನಲ್ಲಿ ಮಾತ್ರ ಅವಳು ತನ್ನ ಹೆಸರನ್ನು ತಾನೇ ಎತ್ತಿ ಹೇಳುತ್ತಾಳೆ. ಪಲ್ಲವಿಯ ಜೀವಾಳವೇ ಆ ಹೆಸರು. ಮ-ರಿ-ಮಾರ್ ಎಂಬ ಮೂರು ಅಕ್ಷರಗಳಿಗೆ ಅನುವಾದ ಬೇಕಿಲ್ಲ, ಯಾವ ಭಾಷೆಯ ನಾಲಿಗೆಗೂ ತೊಡಕಿಲ್ಲ. ಭಾಷೆ ಬಾರದ ಊರಿನ ಮಗುವೂ ಎರಡನೇ ದಿನಕ್ಕೆ ಅದನ್ನು ಗುನುಗಬಲ್ಲದು.

ಮರಿಮಾರ್‌ನ ಒಂದು ದೃಶ್ಯವನ್ನು ಹತ್ತಿರದಿಂದ ನೋಡಬೇಕು. ಆ ಧಾರಾವಾಹಿಯಲ್ಲಿ ಜನ ಅತಿ ಹೆಚ್ಚು ನೆನಪಿಟ್ಟುಕೊಂಡಿರುವುದು ಅದನ್ನೇ. ಸಾಂತಿಬಾನ್ಯೆಸ್ ಮನೆತನದ ಮಗ ಸೆರ್ಹಿಯೊ ಬಡ ಮರಿಮಾರ್‌ಳನ್ನು ಮದುವೆಯಾಗಿದ್ದಾನೆ. ಅವನ ಮಲತಾಯಿ ಆಂಹೆಲಿಕಾಗೆ ಅದು ಸಹಿಸದು. ಒಂದು ಬಳೆಯನ್ನು ಕೆಸರಿಗೆ ಎಸೆದು, ಬೇಕಾದರೆ ಹಲ್ಲಿನಿಂದ ಕಚ್ಚಿ ಎತ್ತಿಕೋ ಎನ್ನುತ್ತಾಳೆ. ಮರಿಮಾರ್ ಮಂಡಿಯೂರುತ್ತಾಳೆ. ಕೆಸರಿಗೆ ಮುಖ ಒಡ್ಡಿ, ಹಲ್ಲಿನಿಂದ ಬಳೆ ಎತ್ತುತ್ತಾಳೆ. ಇಲ್ಲಿ ಮಾತಿಗೆ ಕೆಲಸವೇ ಇಲ್ಲ. ಕೆಸರು ಮೆತ್ತಿದ ಆ ಮುಖವೇ ಎಲ್ಲವನ್ನೂ ಹೇಳುತ್ತದೆ, ಹಾಗಾಗಿ ಯಾವ ದೇಶದವರಿಗೂ ಅರ್ಥವಾಗುತ್ತದೆ. ನಟಿಯಾಗಿ ಥಾಲಿಯಾ ಅವರ ಶಕ್ತಿ ಇಂಥ ಕಡೆ ಎದ್ದು ಕಾಣುತ್ತದೆ. ಆದರೆ ಇದೇ ದೃಶ್ಯ ಇನ್ನೊಂದನ್ನೂ ತೋರಿಸುತ್ತದೆ. ಬಾಯಿಯನ್ನು ಕೆಸರಿಗೆ ತಳ್ಳಿಸಿಕೊಂಡ ಹುಡುಗಿ ಅಲ್ಲಿ ತುಟಿ ಎರಡು ಮಾಡುವಂತಿಲ್ಲ. ಮರುದಿನ ಕಂತು ಶುರುವಾದಾಗ ಅದೇ ಬಾಯಿ, ಅದೇ ಹೆಸರನ್ನು ಎದೆಯೆತ್ತಿ ಹಾಡುತ್ತದೆ. ಶೀರ್ಷಿಕೆ ಗೀತೆ ದಿನದಿನವೂ ಮರಳಿ ಬರುವುದರಿಂದ, ನಿನ್ನೆಯ ಅವಮಾನಕ್ಕೆ ಇಂದಿನ ಮೊದಲ ಉತ್ತರ ಹಾಡೇ ಆಗಿರುತ್ತಿತ್ತು. ಕತೆಯೊಳಗಿನ ಸೇಡಿಗೆ ಪ್ರೇಕ್ಷಕರು ಎಷ್ಟೋ ವಾರ ಕಾಯಬೇಕಿತ್ತು.

ಟೆಲಿವಿಸಾ ಸ್ಟುಡಿಯೊಗಳ ಒಳಗಿನ ಕೆಲಸದ ರೀತಿಯೂ ಇಲ್ಲಿ ನೆನಪಿಗೆ ಬರುತ್ತದೆ. ಮೆಕ್ಸಿಕೊದ ಧಾರಾವಾಹಿ ನಟರು ಕಿವಿಯಲ್ಲಿ ಪುಟ್ಟ ಸಾಧನವೊಂದನ್ನು ಇಟ್ಟುಕೊಂಡು ಅಭಿನಯಿಸುವುದು ದಶಕಗಳಿಂದ ಬಂದ ರೂಢಿ. ಅವರು ಅದನ್ನು ‘ಚೀಚಾರೊ’ ಎನ್ನುತ್ತಾರೆ, ಅಂದರೆ ಬಟಾಣಿ. ವಾರಕ್ಕೆ ಐದು ಕಂತು ಮುಗಿಸಬೇಕಾದ ಅವಸರದಲ್ಲಿ ಮಾತು ಬಾಯಿಪಾಠ ಮಾಡಲು ಪುರುಸೊತ್ತಿಲ್ಲ. ಮರೆಯಲ್ಲಿ ಕೂತವರು ಸಂಭಾಷಣೆಯನ್ನು ಓದುತ್ತ ಹೋಗುತ್ತಾರೆ, ನಟರು ಕೇಳಿಸಿಕೊಂಡ ಮರುಕ್ಷಣ ಅದಕ್ಕೆ ಭಾವ ತುಂಬಿ ಆಡುತ್ತಾರೆ. ನಮ್ಮ ಕಂಪನಿ ನಾಟಕಗಳಲ್ಲಿ ಸೈಡ್‌ವಿಂಗಿನಿಂದ ಮಾತು ಎತ್ತಿಕೊಡುತ್ತಿದ್ದ ಪ್ರಾಂಪ್ಟರ್ ಇಲ್ಲಿ ನೇರ ಕಿವಿಯೊಳಕ್ಕೇ ಬಂದಂತೆ. ಹೀಗೆ ಕಿವಿಗೆ ಬೀಳುವುದು ಒಬ್ಬರ ದನಿ, ಬೇರೆ ದೇಶದಲ್ಲಿ ಬಾಯಿಂದ ಹೊರಡುವುದು ಇನ್ನೊಬ್ಬರ ದನಿ. ನಡುವೆ ಸಿಕ್ಕಿಕೊಂಡ ನಟಿಗೆ ತನ್ನದೆಂದು ಹೇಳಿಕೊಳ್ಳಲು ಉಳಿದದ್ದು ರೆಕಾರ್ಡಿಂಗ್ ಕೋಣೆಯಲ್ಲಿ ನಿಧಾನವಾಗಿ, ತಿದ್ದಿ ತೀಡಿ ಹಾಡಿದ ಆ ಒಂದು ಹಾಡು. ಕನ್ನಡದ ಓದುಗರಿಗೆ ಇದರ ನೋವು ಬಿಡಿಸಿ ಹೇಳಬೇಕಿಲ್ಲ. ಗುಬ್ಬಿ ಕಂಪನಿಯ ಬಿ. ಜಯಮ್ಮ ಅವರ ಕಾಲದಲ್ಲಿ ಹಾಡಲು ಬಾರದವರು ನಾಯಕಿಯಾಗುವಂತಿರಲಿಲ್ಲ. ಮಾತೂ ಹಾಡೂ ಒಂದೇ ಗಂಟಲಿನಿಂದ ಬರಬೇಕಿತ್ತು. ಸಿನಿಮಾದಲ್ಲಿ ಹಿನ್ನೆಲೆ ಗಾಯನ ಬಂದು ಹಾಡು ಬೇರೆಯವರದಾಯಿತು, ಬಳಿಕ ಕಂಠದಾನ ಬಂದು ಎಷ್ಟೋ ನಾಯಕಿಯರ ಮಾತೂ ಬೇರೆಯವರದಾಯಿತು. ಕಂಠವನ್ನು ‘ದಾನ’ ಎಂದು ಕರೆದ ನಮ್ಮ ಭಾಷೆಗೆ, ಕೊಟ್ಟವರ ಹಿರಿಮೆಯ ಜೊತೆ ಪಡೆದವರ ಕೊರತೆಯೂ ಗೊತ್ತಿತ್ತು.

ಮರಿಮಾರ್ ಹೋದ ದಾರಿ ಬಹಳ ದೂರದ್ದು. ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್‌ನಲ್ಲಿ 1999ರ ಜನವರಿಯಲ್ಲಿ, ರಂಜಾನ್ ತಿಂಗಳಲ್ಲಿ, ಅಬಿಜಾನ್ ನಗರದ ಕೆಲವು ಮಸೀದಿಗಳು ಪ್ರಾರ್ಥನೆಯ ಕರೆಯನ್ನು ಸ್ವಲ್ಪ ಮುಂಚೆಯೇ ಕೊಟ್ಟದ್ದು ಆಗ ಸುದ್ದಿಯಾಯಿತು; ಭಕ್ತರಿಗೆ ನಮಾಜೂ ತಪ್ಪಬಾರದು, ಕಂತೂ ತಪ್ಪಬಾರದು ಎಂದು. ಫಿಲಿಪ್ಪೀನ್ಸ್‌ನಲ್ಲಂತೂ 1996ರಲ್ಲಿ ಥಾಲಿಯಾ ಸ್ವತಃ ಮನಿಲಾಕ್ಕೆ ಬಂದಾಗ ಬೀದಿ ತುಂಬ ಜನ, ಅಧ್ಯಕ್ಷ ಫಿಡೆಲ್ ರಾಮೋಸ್ ಅವರ ಭೇಟಿ. ಆದರೆ ನನಗೆ ಇವೆಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಮರುವರ್ಷದ ಒಂದು ಚಿಕ್ಕ ಘಟನೆ. 1997ರಲ್ಲಿ ಅವರು ಫಿಲಿಪ್ಪೀನ್ಸ್‌ಗೆಂದೇ ಒಂದು ಆಲ್ಬಂ ಮಾಡಿ, ಅದರಲ್ಲಿ ಟಗಾಲೊಗ್ ಹಾಡುಗಳನ್ನು ಹಾಡಿದರು. ಆಲ್ಬಮ್ಮಿನ ಹೆಸರು ‘ನಂದಿತೊ ಅಕೊ’. ಆ ನಾಡಿನ ಗಾಯಕ ಓಗಿ ಅಲ್ಕಾಸಿದ್ ಮೊದಲೇ ಹಾಡಿ ಹೆಸರಾಗಿದ್ದ ಗೀತೆಯದು. ಅರ್ಥ ‘ನಾನು ಇಲ್ಲಿದ್ದೇನೆ’. ವರ್ಷವಿಡೀ ಟಗಾಲೊಗ್ ಮಾತಾಡಿದ ಮುಖಕ್ಕೆ ಈಗ ಅದರದೇ ದನಿ ಕೂಡಿತು. ತನ್ನ ಬಾಯಿಗೆ ಬೇರೆಯವರು ತುಂಬಿದ ಭಾಷೆಯನ್ನು ನಟಿ ತಾನೇ ಕಲಿತು ಉಚ್ಚರಿಸಿ ಹಿಂದಿರುಗಿಸಿದರು. ಧ್ವನಿಮುದ್ರಿಕೆ ಕಂಪನಿಗೆ ಇದರಲ್ಲಿ ಲಾಭದ ಲೆಕ್ಕ ಇದ್ದೇ ಇತ್ತು. ಆದರೂ, ಡಬ್ ಆದ ನಟಿಯ ದನಿಯನ್ನು ಕೇಳಬೇಕೆಂಬ ಹಸಿವು ಅಲ್ಲಿನ ಜನರಲ್ಲಿ ಇಲ್ಲದಿದ್ದರೆ ಆ ಲೆಕ್ಕವೇ ಹುಟ್ಟುತ್ತಿರಲಿಲ್ಲ.

ನನ್ನ ವಾದಕ್ಕೆ ಮೊದಲ ಆಕ್ಷೇಪ ಟೆಲಿವಿಸಾದ ಬಲದ್ದು. ಆಗ ವಾಹಿನಿ ಅವರದೇ, ರೇಡಿಯೊ ಕೇಂದ್ರಗಳು ಅವರವೇ, ಧಾರಾವಾಹಿಗಳ ಬಗ್ಗೆಯೇ ಬರೆಯುವ ಪತ್ರಿಕೆ ಅವರದೇ, ಥಾಲಿಯಾ ಅವರ ಮೊದಲ ಆಲ್ಬಂಗಳನ್ನು ಹೊರಡಿಸಿದ ಫೋನೊವಿಸಾ ಕಂಪನಿಯೂ ಅವರದೇ. ಒಂದೇ ಮನೆಯವರು ಬಿತ್ತಿ, ಬೆಳೆದು, ತಾವೇ ತೂಗಿ ಮಾರಿದ ಬೆಳೆ ಇದು. ಇದರಲ್ಲಿ ಒಬ್ಬ ಕಲಾವಿದೆಯ ಪಾತ್ರ ಏನು ಎಂದು ಕೇಳಬಹುದು. ಸಂಸ್ಥೆಯ ಬಲವನ್ನು ಅಲ್ಲಗಳೆಯುವಂತಿಲ್ಲ. ಸಮಬಲದ ಎದುರಾಳಿ ಇಲ್ಲದ ಮಾರುಕಟ್ಟೆಯಲ್ಲಿ ಅದು ಯಾರನ್ನು ಬೇಕಾದರೂ ಮೆಕ್ಸಿಕೊದ ಮನೆಮಾತಾಗಿಸಬಲ್ಲದಾಗಿತ್ತು. ಆದರೆ ಅದೇ ಸಂಸ್ಥೆ ಅದೇ ವರ್ಷಗಳಲ್ಲಿ ಲೂಸೆರೊ ಅವರನ್ನೂ ಬೆಳೆಸಿತು. ಬಾಲ್ಯದಿಂದ ನಟಿಸುತ್ತ ಹಾಡುತ್ತ ಬಂದವರು, ಹಾಡುಗಾರಿಕೆಯಲ್ಲಿ ಥಾಲಿಯಾ ಅವರಿಗಿಂತ ಗಟ್ಟಿಗರು ಎಂದು ಹಲವರು ಒಪ್ಪುವಂಥವರು. ಮರಿಮಾರ್‌ನ ನಾಯಕ ಎದುವಾರ್ದೊ ಕಪೆತಿಯೊ ಕೂಡ ತಿಂಬಿರಿಚೆಯಿಂದಲೇ ಬಂದ ಗಾಯಕ. ಕಿನ್ಸೆಅನ್ಯೆರಾದ ಜೊತೆಗಾತಿ ಅದೆಲಾ ನೊರಿಯೆಗಾ ನಟನೆಯಲ್ಲಿ ಯಾರಿಗೂ ಕಡಿಮೆಯಿಲ್ಲ, ಆದರೆ ಗಾಯಕಿಯಾಗಿ ದಾರಿ ಮಾಡಿಕೊಳ್ಳಲಿಲ್ಲ. ಒಂದೇ ಮನೆ, ಒಂದೇ ನೀರು ಗೊಬ್ಬರ. ಫಲ ಮಾತ್ರ ಬೇರೆ ಬೇರೆ. ಟಗಾಲೊಗ್‌ನಲ್ಲಿ ಆಲ್ಬಂ ಮಾಡಬೇಕಾಗಿ ಬಂದದ್ದು ಇವರಲ್ಲಿ ಥಾಲಿಯಾ ಒಬ್ಬರಿಗೇ. ಪಾತ್ರದ ಹೆಸರು, ಕತೆಯ ಹೆಸರು, ಪಲ್ಲವಿ, ಹಾಡುವ ದನಿ, ತೆರೆಯ ಮುಖ ಈ ಐದೂ ಮೂರು ಸಲ ಒಬ್ಬರಲ್ಲೇ ಸೇರಿಕೊಂಡದ್ದು ಅವರಲ್ಲಿ ಮಾತ್ರ.

ಎರಡನೆಯದು ಕಾಲದ ಆಕ್ಷೇಪ, ಇನ್ನೂ ತೂಕದ್ದು. 1990ರ ದಶಕದಲ್ಲಿ ಹಲವು ದೇಶಗಳಲ್ಲಿ ಹೊಸ ವಾಹಿನಿಗಳು ಹುಟ್ಟುತ್ತಿದ್ದವು, ಇದ್ದ ವಾಹಿನಿಗಳ ಸಮಯ ಹಿಗ್ಗುತ್ತಿತ್ತು, ತುಂಬಲು ಕಾರ್ಯಕ್ರಮಗಳಿರಲಿಲ್ಲ. ಮೆಕ್ಸಿಕೊ ತನ್ನ ನಾಡಿನಲ್ಲೇ ಅಸಲು ತೆಗೆದುಕೊಂಡ ಧಾರಾವಾಹಿಗಳನ್ನು ಹೊರಗೆ ಅಗ್ಗವಾಗಿ ಕೊಡಬಲ್ಲದಾಗಿತ್ತು. ಫಿಲಿಪ್ಪೀನ್ಸ್‌ನ ಮಟ್ಟಿಗೆ ಹಳೆಯ ನಂಟೂ ಇತ್ತು: 1565ರಿಂದ 1815ರವರೆಗೆ ಅಕಾಪುಲ್ಕೊ ಮತ್ತು ಮನಿಲಾ ನಡುವೆ ಸ್ಪೇನಿನ ಹಡಗುಗಳು ಓಡಾಡಿದವು, ಆ ದ್ವೀಪಗಳ ಆಡಳಿತ ಮೆಕ್ಸಿಕೊದಿಂದಲೇ ನಡೆಯುತ್ತಿತ್ತು, ಧರ್ಮ ಒಂದೇ, ಹಬ್ಬ ಒಂದೇ. ಇಷ್ಟೆಲ್ಲ ಇದ್ದ ಮೇಲೆ ಯಾವ ನಟಿ ಬಂದಿದ್ದರೂ ಗೆಲ್ಲುತ್ತಿದ್ದಳು ಎನ್ನುವವರಿದ್ದಾರೆ. ಕಾಲ ಬಾಗಿಲು ತೆರೆಯಿತು ಎಂಬುದನ್ನು ಒಪ್ಪುತ್ತೇನೆ. ಆದರೆ ಅಬಿಜಾನ್‌ಗೆ ಅಕಾಪುಲ್ಕೊದ ಹಡಗು ಹೋಗಿರಲಿಲ್ಲ, ಅಲ್ಲಿನ ಮಸೀದಿಗೂ ಮೆಕ್ಸಿಕೊದ ಇಗರ್ಜಿಗೂ ಹಬ್ಬದ ನಂಟಿಲ್ಲ. ಇದಲ್ಲದೆ, ಮುಂದೆ ನಡೆದದ್ದೂ ಒಂದು ಸಾಕ್ಷಿ ಒದಗಿಸುತ್ತದೆ. 2007ರಲ್ಲಿ ಫಿಲಿಪ್ಪೀನ್ಸ್‌ನ ಜಿಎಂಎ ವಾಹಿನಿ ಇದೇ ಕತೆಯನ್ನು ಮರಿಯನ್ ರಿವೆರಾ ಅವರೊಂದಿಗೆ ಸ್ಥಳೀಯವಾಗಿ ತೆಗೆಯಿತು. ಮುಖ, ದನಿ, ಭಾಷೆ, ಊರು ಎಲ್ಲ ಅಲ್ಲಿನವೇ ಆದರೂ ಹೆಸರು ಮರಿಮಾರ್ ಎಂದೇ ಉಳಿಯಿತು. 2015ರಲ್ಲಿ ಮತ್ತೊಮ್ಮೆ ತೆಗೆದಾಗಲೂ ಅದೇ ಹೆಸರು. ಮೆಕ್ಸಿಕೊದವರೇ 2013ರಲ್ಲಿ ಈ ಕತೆಯನ್ನು ‘ಕೊರಸೊನ್ ಇಂದೊಮಾಬ್ಲೆ’ ಎಂದು ಹೊಸದಾಗಿ ಮಾಡಿದಾಗ ನಾಯಕಿಯನ್ನು ಮರಿಕ್ರುಸ್ ಎಂದು ಕರೆದರು. ಹುಟ್ಟಿದ ನಾಡು ಬಿಟ್ಟುಕೊಟ್ಟ ಹೆಸರನ್ನು ಡಬ್ ಮಾಡಿಸಿಕೊಂಡ ನಾಡು ಬಿಡಲಿಲ್ಲ. ಕತೆಯನ್ನು ತಮ್ಮ ಭಾಷೆಯಲ್ಲಿ ಕೇಳಿದವರಿಗೆ, ಮೂಲದ ದನಿಯಲ್ಲಿ ಸಿಕ್ಕಿದ್ದು ಆ ಹೆಸರೊಂದೇ ಆಗಿತ್ತು.

ಮೂರನೆಯ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ, ಇದೆ ಎಂದು ನಟಿಸಲೂ ಮನಸ್ಸಿಲ್ಲ. ಈ ಕತೆಗಳಲ್ಲಿ ಬಡತನ ಕಳೆಯುವುದು ಹುಟ್ಟಿನ ಗುಟ್ಟಿನಿಂದ, ಆಸ್ತಿಯಿಂದ, ಮದುವೆಯಿಂದ. ಚಿಂದಿ ಆಯುವವರ ಕೇರಿ ಹಾಗೆಯೇ ಉಳಿಯುತ್ತದೆ, ಒಬ್ಬ ಮರಿಯಾ ಮಾತ್ರ ಬಂಗಲೆ ಸೇರುತ್ತಾಳೆ. ಅದಕ್ಕಿಂತ ಚುಚ್ಚುವುದು ಬಣ್ಣದ ಪ್ರಶ್ನೆ. ಮೆಕ್ಸಿಕೊದ ಬಹುಪಾಲು ಬಡವರು ಕಂದು ಮೈಯವರು, ಮೂಲನಿವಾಸಿಗಳ ಸಂತತಿಯವರು. ತೆರೆಯ ಮೇಲೆ ಅವರ ಪಾತ್ರ ಮಾಡಿದವರು ತಿಳಿ ಬಣ್ಣದ ನಗರದ ನಟಿಯರು. 1995ರ ‘ಎನ್ ಎಕ್ಸ್ತಾಸಿಸ್’ ಆಲ್ಬಮ್ಮಿನಲ್ಲಿ ಥಾಲಿಯಾ ಅವರಿಗೆ ದೊಡ್ಡ ಹೆಸರು ತಂದ ಹಾಡಿಗೆ ‘ಪಿಯೆಲ್ ಮೊರೆನಾ’, ಕಂದು ಮೈ, ಎಂದೇ ಹೆಸರು. ಕಂದು ಮೈಯ ಹುಡುಗಿಯೊಬ್ಬಳಿಗೆ ಆ ನಾಯಕಿಯ ಪಾತ್ರ ಸಿಗುವ ಸಾಧ್ಯತೆ ಆಗಿನ ಟೆಲಿವಿಸಾದಲ್ಲಿ ಇರಲಿಲ್ಲವೆಂದೇ ಹೇಳಬೇಕು. ಇದೇ ಮೆಕ್ಸಿಕೊದಲ್ಲಿ ಮಿಗೆಲ್ ಸಬಿದೊ ಎಂಬವರು 1975ರಲ್ಲಿ ‘ವೆನ್ ಕೊನ್ಮಿಗೊ’ದಿಂದ ಶುರುಮಾಡಿ, ವಯಸ್ಕರ ಶಿಕ್ಷಣ, ಕುಟುಂಬ ಯೋಜನೆಗಳನ್ನು ಧಾರಾವಾಹಿಯ ಕತೆಯಲ್ಲೇ ಹೆಣೆದು ತೋರಿಸಿದ್ದರು. 1984ರ ಜುಲೈ 7ರಂದು ದೂರದರ್ಶನದಲ್ಲಿ ಶುರುವಾಗಿ ಕರ್ನಾಟಕದ ಮನೆಗಳಿಗೂ ಹಿಂದಿಯಲ್ಲೇ ಬಂದ ‘ಹಮ್ ಲೋಗ್’ಗೆ ಪ್ರೇರಣೆ ಕೊಟ್ಟದ್ದು ಸಬಿದೊ ಅವರ ಆ ಪ್ರಯೋಗವೇ. ಮೆಕ್ಸಿಕೊದ ಧಾರಾವಾಹಿಗೆ ಬೇರೆ ದಾರಿ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಆದ್ದರಿಂದ ಈ ಮೂವರು ನಾಯಕಿಯರ ಕತೆಯನ್ನು ಸಮಾಜದ ಚಿತ್ರವೆಂದು ನಾನು ಎತ್ತಿಹಿಡಿಯುವುದಿಲ್ಲ. ನಾನು ಹೇಳುತ್ತಿರುವುದು ಇಷ್ಟು: ಕತೆ ಆ ಹುಡುಗಿಗೆ ಕೊಡದ ಘನತೆಯನ್ನು ಹಾಡು ಕೊಟ್ಟಿತು. ಕೇರಿಯವಳು ಎಂಬ ಬೈಗುಳವನ್ನು ಅವಳು ಶೀರ್ಷಿಕೆ ಗೀತೆಯಲ್ಲಿ ಹೆಮ್ಮೆಯಿಂದ ತನ್ನ ಹೆಸರಿಗೆ ಸೇರಿಸಿಕೊಂಡಳು.

ನನ್ನ ವಾದಕ್ಕೆ ನಿಜವಾದ ಪರೀಕ್ಷೆ ಬಂದದ್ದು ಧಾರಾವಾಹಿ ಬಿಟ್ಟ ಮೇಲೆ. 1999ರ ‘ರೊಸಾಲಿಂದಾ’ ಥಾಲಿಯಾ ಅವರ ಕೊನೆಯ ಧಾರಾವಾಹಿ. 2000ದ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಸೇಂಟ್ ಪ್ಯಾಟ್ರಿಕ್ ಕೆಥೆಡ್ರಲ್‌ನಲ್ಲಿ, ಆಗ ಸೋನಿ ಮ್ಯೂಸಿಕ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಟಾಮಿ ಮೊಟೋಲಾ ಅವರೊಂದಿಗೆ ಮದುವೆ. 2003ರಲ್ಲಿ ಇಂಗ್ಲಿಷ್ ಆಲ್ಬಂ. ರ‍್ಯಾಪ್ ಗಾಯಕ ಫ್ಯಾಟ್ ಜೋ ಜೊತೆಗಿನ ಹಾಡು ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 22ನೇ ಸ್ಥಾನಕ್ಕೆ ಏರಿತು, ಆದರೆ ಇಂಗ್ಲಿಷಿನ ಲೋಕದಲ್ಲಿ ಅವರು ಬೇರೂರಲಿಲ್ಲ. ನೋಡಿ, ಧಾರಾವಾಹಿಯ ಆಸರೆ ಇಲ್ಲದೆ ಹಾಡು ನಿಲ್ಲಲಿಲ್ಲ, ಆದ್ದರಿಂದ ಮೂಲ ನಟನೆಯೇ ಎಂದು ಎದುರು ವಾದಿಸುವವರಿಗೆ ಇದೇ ಬಲವಾದ ಆಧಾರ. ಆದರೆ ಆ ಆಲ್ಬಂನಲ್ಲಿ ಏನಾಯಿತು ಎಂದು ನೋಡಬೇಕು. ಮನಿಲಾದಲ್ಲಿ ಭಾಷೆ ಬೇರೆಯವರದು, ದನಿ ತಮ್ಮದು. ಇಲ್ಲಿ ದನಿಯೂ ಬೇರೆಯವರಂತೆ ಕೇಳಿಸಿತು. ಅಮೆರಿಕದ ಅಂದಿನ ರೇಡಿಯೊದಲ್ಲಿ ಆ ಬಗೆಯಲ್ಲಿ ಹಾಡುವವರು ಬೇಕಾದಷ್ಟಿದ್ದರು. ಒಂದರ್ಥದಲ್ಲಿ ಥಾಲಿಯಾ ತಮ್ಮನ್ನು ತಾವೇ ಡಬ್ ಮಾಡಿಕೊಂಡ ಆಲ್ಬಂ ಅದು. ಸೋತದ್ದು ಹಾಡು ಎನ್ನುವುದಕ್ಕಿಂತ, ಯಾವ ಗುರುತು ಅವರನ್ನು ಗಡಿ ದಾಟಿಸಿತ್ತೋ ಆ ಗುರುತನ್ನು ಬಿಟ್ಟದ್ದಕ್ಕೆ ಬಂದ ಸೋಲು ಎನ್ನುವುದು ಸರಿ.

ಇದನ್ನು ಖಚಿತಪಡಿಸಿದ್ದು ಮುಂದಿನ ಕೆಲವು ವರ್ಷ. 2007ರಲ್ಲಿ ಮಗಳು ಹುಟ್ಟಿದ ಬಳಿಕ ಲೈಮ್ ಕಾಯಿಲೆ ಅವರನ್ನು ಹಾಸಿಗೆ ಹಿಡಿಸಿತು. 2008ರ ‘ಲುನಾಡಾ’ ಆಲ್ಬಂ ಹೆಚ್ಚು ಓಡಲಿಲ್ಲ, ಧ್ವನಿಮುದ್ರಿಕೆ ಕಂಪನಿ ಇಎಂಐ ಜೊತೆಗಿನ ನಂಟು ಮುಗಿಯಿತು. ತೆರೆಯ ಮೇಲೆ ಮುಖ ಕಾಣಿಸಿಕೊಳ್ಳದೆ ದಶಕವಾಗುತ್ತ ಬಂದಿತ್ತು. ಆಗ, 2009ರಲ್ಲಿ, ಮಯಾಮಿಯಲ್ಲಿ ಆಹ್ವಾನಿತ ಶ್ರೋತೃಗಳ ಎದುರು ‘ಪ್ರಿಮೇರಾ ಫಿಲಾ’ ಧ್ವನಿಮುದ್ರಣವಾಯಿತು. ಹೆಸರಿನ ಅರ್ಥ ಮೊದಲ ಸಾಲು. ವಾದ್ಯಗಳ ಅಬ್ಬರ ತಗ್ಗಿಸಿ, ಸ್ಪ್ಯಾನಿಷ್‌ನಲ್ಲೇ, ಮರೆಮಾಚಲು ಏನೂ ಇಲ್ಲದ ನೇರ ಹಾಡುಗಾರಿಕೆ. ಹೊಸ ಧಾರಾವಾಹಿಯ ಪ್ರಚಾರವಿಲ್ಲ, ಕೆಸರಿನ ದೃಶ್ಯವಿಲ್ಲ. ಮೆಕ್ಸಿಕೊದಲ್ಲಿ ಅದು ಆ ಕಾಲದ ದೊಡ್ಡ ಮಾರಾಟದ ಆಲ್ಬಂಗಳಲ್ಲಿ ಒಂದಾಯಿತು. ಅದರ ಬಲದ ಮೇಲೆ ಮುಂದಿನ ದಶಕದಲ್ಲಿ ತಮಗಿಂತ ಬಹಳ ಚಿಕ್ಕವರಾದ ಮಾಲುಮಾ, ನತ್ತಿ ನತಾಶಾ ಅವರೊಂದಿಗೂ ಹಾಡಿ ಗೆದ್ದರು. ಆ ಹಾಡುಗಳನ್ನು ಮೆಚ್ಚಿದ ಎಳೆಯರಲ್ಲಿ ಮರಿಮಾರ್ ಪ್ರಸಾರವಾದಾಗ ಹುಟ್ಟಿರದವರೇ ಅನೇಕರು.

ಲಾಸ್ ಏಂಜಲೀಸ್‌ನ ಹಾಲಿವುಡ್ ಬುಲೆವಾರ್ಡ್‌ನ ಕಾಲುದಾರಿಯಲ್ಲಿ ಕಲಾವಿದರ ಹೆಸರು ಹೊತ್ತ ನಕ್ಷತ್ರಗಳನ್ನು ಹುದುಗಿಸುತ್ತಾರೆ. ಪ್ರತಿ ನಕ್ಷತ್ರದ ನಡುವೆ ಒಂದು ಹಿತ್ತಾಳೆಯ ಗುರುತು: ಟೆಲಿವಿಷನ್ ನಟರಿಗೆ ಟಿವಿ ಪೆಟ್ಟಿಗೆ, ಹಾಡುಗಾರರಿಗೆ ಗ್ರಾಮಫೋನ್ ತಟ್ಟೆ. 2013ರ ಡಿಸೆಂಬರ್ 5ರಂದು ಅಲ್ಲಿ ಥಾಲಿಯಾ ಅವರ ನಕ್ಷತ್ರ ಅನಾವರಣವಾಯಿತು. ಅದರ ಮೇಲಿರುವುದು ಗ್ರಾಮಫೋನ್ ತಟ್ಟೆ.